ಸಾಮಾನ್ಯ ಕೈ

ನನ್ನ ಗಂಡ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಹೊತ್ತು ಹಾಳು ಮಾಡುವವರನ್ನು ಕಂಡರೆ ಮಾತ್ರ ಇವರಿಗೆ ಆಗುವುದಿಲ್ಲ. ಅದೂ ಹೊಟ್ಟೆಪಾಡಿನ ಗುಣ. ನಮ್ಮ ಶರ್ಟಿನ ಕಾರ್ಖಾನೆಯಲ್ಲಿ ಇವರ ಕೆಲಸವೇ ಅದು. ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಹೊಲಿಯುವವರ ಬೆನ್ನ ಹಿಂದೆ ನಿಲ್ಲುವುದು. ಒಂದು ಕಾಲರು ಕೂರಿಸಲು ಎಷ್ಟು ಸೆಕೆಂಡು, ಒಂದು ತೋಳು ಹಚ್ಚಲು ಎಷ್ಟು ಸೆಕೆಂಡು ಎಂದು ಅಳೆದು ಬರೆಯುವುದು. ಇವರು ಬರೆದದ್ದೇ ಎಲ್ಲರಿಗೂ ಟಾರ್ಗೆಟ್. ಲೈನಿನ ಹೆಂಗಸರು ಇವರಿಗೆ ಟಿಕ್‌ಟಿಕ್ ಸಾಹೇಬರು ಎಂದು ಹೆಸರಿಟ್ಟಿದ್ದಾರೆ. ಅದೇ ಲೈನಿನಲ್ಲಿ ಕಾಲರು ಹೊಲಿಯುವವಳು ನಾನು. ಅವರು ಹಾಗೆಂದು ನಗುವಾಗ ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಕಾರ್ಖಾನೆಯ ವಾಚು ಕಾರ್ಖಾನೆಯಲ್ಲೇ ಉಳಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿಗೂ ಇವರು ಒಂದು ಹಾಳೆ ಅಂಟಿಸಿದ್ದರು. ಏಳುವುದು, ಒಲೆ ಹಚ್ಚುವುದು, ಪಾತ್ರೆ, ಬಟ್ಟೆ, ಎಲ್ಲದರ ಮುಂದೆಯೂ ನಿಮಿಷ. ಮಗಳ ಜಡೆಗೆ ನಾಲ್ಕು. ಬಿಡುವಿಗೂ ಒಂದು ಸಾಲು ಇತ್ತು: ಸಂಜೆ ಏಳು ನಲವತ್ತರಿಂದ ಎಂಟು ಐದು. ಆ ಇಪ್ಪತ್ತೈದು ನಿಮಿಷ ನಾವು ಮೂವರೂ ಕಡ್ಡಾಯವಾಗಿ ಆರಾಮಾಗಿರಬೇಕು. ಒಂದು ಸಲ ಮಗಳು ಬಿದ್ದು ಮಂಡಿ ತರಚಿಕೊಂಡು ಬಂದವಳು, ಬಿಕ್ಕುತ್ತಲೇ "ಅಪ್ಪಾ, ಅಳೋಕೆ ಎಷ್ಟು ನಿಮಿಷ?" ಎಂದು ಕೇಳಿದಳು. ಎಂಟು ವರ್ಷದ ಕೂಸು. "ನೋವು ಹೋಗೋವರೆಗೂ ಅಳು ಪುಟ್ಟಾ," ಅಂದರು ಇವರು. ಅಂದು, ಗೋಡೆಯ ಗಡಿಯಾರ ನೋಡಿದರು.

ನನ್ನ ಬಗ್ಗೆ ಇವರಿಗಿದ್ದದ್ದು ಒಂದೇ ಅಭಿಪ್ರಾಯ. ನಿಧಾನ. ಮದುವೆಯಾದ ವರ್ಷವೇ ಆ ತೀರ್ಪು ಬಂದುಬಿಟ್ಟಿತ್ತು, ಆಮೇಲೆ ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ನಾನು ಒಲೆಯ ಮುಂದೆ ನಿಂತಿದ್ದರೆ ಹಿಂದಿನಿಂದ ಬಂದು ಮೂಗಿನಲ್ಲಿ ಉಸಿರು ಬಿಡುತ್ತಿದ್ದರು. ಬೈಗುಳವಲ್ಲ, ಬರೀ ಉಸಿರು. ಆ ಉಸಿರು ಕೇಳಿದರೆ ನನ್ನ ಕೈ ತಾನಾಗಿಯೇ ಓಡುತ್ತಿತ್ತು.

ಲೈನಿನಲ್ಲಿ ನನ್ನ ಎಡಗಡೆಯ ಮಶೀನು ಅಕ್ಕನದು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕಂದಿರೇ. ಇವಳು ಮಾತ್ರ ನನ್ನ ಒಡಹುಟ್ಟಿದ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಆರು, ಅವಳಿಗೆ ಹದಿನೆಂಟು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಲಿಯುತ್ತಲೇ ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವಳೊಂದು ದಡ ಸೇರಲಿ" ಅನ್ನುತ್ತಿದ್ದಳು. ನಾನು ದಡ ಸೇರುವ ಹೊತ್ತಿಗೆ ಅವಳನ್ನು ಕೇಳಿಕೊಂಡು ಬರುವವರೇ ಇರಲಿಲ್ಲ. ಈಗ ಐವತ್ತೆರಡು ವರ್ಷ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಒಬ್ಬಳೇ. ಬಲಗೈ ತೋರುಬೆರಳಿನ ಗಂಟು ಊದಿಕೊಂಡಿದೆ. ಕಾಲರನ್ನು ಸೂಜಿಯ ಕೆಳಗೆ ಇಡುವ ಮುಂಚೆ ಮಡಿಕೆಯ ಉದ್ದಕ್ಕೂ ಒಮ್ಮೆ ಉಗುರಿನಿಂದ ಗೀರುತ್ತಾಳೆ, ನೆಟ್ಟಗೆ ಕೂರಲೆಂದು. ಅದಕ್ಕೇ ಹೊತ್ತು ಹಿಡಿಯುತ್ತದೆ; ಅದಕ್ಕೇ ಅವಳ ಒಂದು ಪೀಸೂ ಚೆಕಿಂಗಿನಿಂದ ವಾಪಸು ಬಂದದ್ದಿಲ್ಲ. ಈ ಮಶೀನು ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. ಆ ಬೆರಳು ನೋಡಿದವರು ಯಾರೂ ಹೊಸದಾಗಿ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಹೊಸ ಮಾದರಿಯ ಶರ್ಟು ಬಂತು. ಕಾಲರು ಬೇರೆ, ಹಾಗಾಗಿ ಮತ್ತೆ ಅಳೆಯಬೇಕು.

ವಾಚು ಬರುವ ದಿನ ನಮ್ಮ ಲೈನಿನಲ್ಲಿ ಎಲ್ಲರ ಕೈಗೂ ಒಮ್ಮೆಲೇ ವಯಸ್ಸಾಗುತ್ತದೆ. ದಾರ ಕಡಿಯುತ್ತದೆ, ಬಾಬಿನ್ ಸಿಕ್ಕಿಕೊಳ್ಳುತ್ತದೆ, ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ. ಇವರಿಗೇನು ಗೊತ್ತಿಲ್ಲವೆ? ಅದಕ್ಕೇ ಸೆಕೆಂಡಿನ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯುತ್ತಾರೆ, ರೇಟಿಂಗು. ಹೊಲಿಯುವವಳದ್ದು ಸಾಮಾನ್ಯ ಕೈಯಾದರೆ ನೂರು. ಬೇಕೆಂದೇ ಎಳೆಯುತ್ತಿದ್ದರೆ ಎಪ್ಪತ್ತು. ಬೇರೆಯವರಿಂದ ಆಗದಷ್ಟು ಬಿರುಸಿನ ಕೈಯಾದರೆ ನೂರ ಮೂವತ್ತು, ನೂರ ನಲವತ್ತು. ಹಾಗೆ ಬರೆದರೆ ನೂರರ ಮೇಲೆ ಎಷ್ಟಿದೆಯೋ ಅಷ್ಟನ್ನು ಅವಳ ಸೆಕೆಂಡಿಗೆ ಸೇರಿಸಿ ಉಳಿದವರಿಗೆ ಹೆಚ್ಚು ಹೊತ್ತು ಕೊಡುತ್ತಾರೆ. ಈ ಅಂಕಿ ವಾಚಿನಿಂದ ಬರುವುದಿಲ್ಲ. ನಿಂತು ನೋಡುವವನ ಕಣ್ಣಿನಿಂದ ಬರುತ್ತದೆ.

ಸೂಪರ್‌ವೈಸರು ಅಳತೆಗೆ ನನ್ನನ್ನೇ ತೋರಿಸಿದ. ಹೆಂಗಸರಿಗೆಲ್ಲ ಖುಷಿಯೋ ಖುಷಿ. "ನಿಮ್ಮ ಯಜಮಾನ್ರು ತಾನೇ, ಚೆನ್ನಾಗಿ ಎಳೀರಿ," ಅಂದಳು ನನ್ನ ಮುಂದಿನ ಮಶೀನಿನ ಕನ್ನಡಕದವಳು. ಎಳೆಯುತ್ತೇನೆ ಎಂದು ನಾನೂ ಮಾತು ಕೊಟ್ಟೆ. ಮನಸ್ಸಿನಲ್ಲೂ ಅದೇ ಇತ್ತು, ನನ್ನಾಣೆ.

ಇವರು ಬಂದು ಬೆನ್ನ ಹಿಂದೆ ನಿಂತರು. ನಾನು ಮೊದಲ ಕಾಲರನ್ನು ಮೆಲ್ಲಗೆ ಎತ್ತಿಕೊಂಡೆ. ಆಗ ಇವರು ಮೂಗಿನಲ್ಲಿ ಉಸಿರು ಬಿಟ್ಟರು.

ನನ್ನ ಕೈ ಓಡಿತು. ಹತ್ತು ಕಾಲರು. ಎಡಗಡೆಯಿಂದ ಅಕ್ಕ "ನಿಧಾನ, ನಿಧಾನ ಕಣೇ" ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು, ಕೈಗೆ ಬೀಳಲಿಲ್ಲ. ಹತ್ತು ವರ್ಷದಲ್ಲಿ ಒಂದೇ ಒಂದು ಸಲ ಈ ಮನುಷ್ಯನ ಬಾಯಲ್ಲಿ ಭೇಷ್ ಎನ್ನಿಸಿಕೊಳ್ಳಬೇಕು ಎಂಬ ಆಸೆ ನನ್ನೊಳಗೆ ಎಲ್ಲಿ ಕೂತಿತ್ತೋ, ನನಗೇ ತಿಳಿದಿರಲಿಲ್ಲ. ನಾಚಿಕೆಗೇಡಿನ ಆಸೆ. ಒಂದು ಕಾಲರಿಗೆ ನಲವತ್ತೆರಡು ಸೆಕೆಂಡು ಬಂತು.

ರೇಟಿಂಗಿನ ಜಾಗದಲ್ಲಿ ಇವರು ನೂರು ಎಂದು ಬರೆದರು.

ಮಾರನೆಯ ವಾರ ಹಲಗೆಯ ಮೇಲೆ ಹೊಸ ಟಾರ್ಗೆಟ್ ಬಂತು. ದಿನಕ್ಕೆ ಆರುನೂರು. ಅದುವರೆಗೆ ಇದ್ದದ್ದು ನಾನೂರ ಮೂವತ್ತು. ನೂರಕ್ಕೆ ಎಂಬತ್ತರಷ್ಟಾದರೂ ಮುಟ್ಟಿಸದೆ ಎರಡು ವಾರ ಕಳೆದವರು ಲೈನಿನಿಂದ ಹೊರಗೆ. ಅಂದರೆ ಏನೇ ಆದರೂ ನಾನೂರ ಎಂಬತ್ತು ಬೇಕು. ಕನ್ನಡಕದವಳು ನೀರಿನ ಬಾಟಲಿ ತರುವುದನ್ನೇ ಬಿಟ್ಟಳು. ಕುಡಿದರೆ ಎದ್ದು ಹೋಗಬೇಕಲ್ಲ. ಉಳಿದವರೂ ಏದುಸಿರು ಬಿಡುತ್ತಾ ಅಷ್ಟನ್ನು ಹೇಗೋ ಮುಟ್ಟಿಸುತ್ತಿದ್ದರು. ನನ್ನ ಜೊತೆ ಮಾತು ನಿಂತಿತು. ನಾನು ಹೋದರೆ ನಲ್ಲಿಯ ಹತ್ತಿರ ನಿಂತವರು ಅತ್ತ ತಿರುಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಅಕ್ಕ ಜೀವ ತೇದರೂ ಮುನ್ನೂರ ತೊಂಬತ್ತು ದಾಟಲಿಲ್ಲ.

ಮನೆಯಲ್ಲಿ ಏಳು ನಲವತ್ತು ಆಗುವುದನ್ನೇ ಕಾದು ಕೂತೆ. ಬಿಡುವಿನ ಹೊತ್ತಿನಲ್ಲಿ ಮಾತಾಡಿದರೆ ಹೊತ್ತು ಹಾಳಾಯಿತು ಎನ್ನುವಂತಿಲ್ಲವಲ್ಲ.

"ರೀ, ಆ ನೂರು ತಪ್ಪು."

"ಯಾವ ನೂರು?"

"ನನ್ನ ಕೈಗೆ ಹಾಕಿದ್ದು. ಆವತ್ತು ಉಸಿರು ಬಿಗಿಹಿಡ್ಕೊಂಡು ಹೊಲಿದೆ ಕಣ್ರೀ. ಅಷ್ಟು ಬೇರೆ ಯಾರ ಕೈಲೂ ಆಗಲ್ಲ."

ಇವರು ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ಮಾತಿಗೆ ನಗುತ್ತಾರಲ್ಲ, ಹಾಗೆ. "ನೀನಾ? ಹತ್ತು ವರ್ಷದಿಂದ ನೋಡ್ತಿದ್ದೀನಿ. ಒಂದು ಲೋಟ ಟೀ ಮಾಡೋಕೆ ಹನ್ನೊಂದು ನಿಮಿಷ ತಗೋತೀಯ. ನೂರು ಅಂದ್ರೆ ಸಾಮಾನ್ಯ ಕೈ. ನಿನಗೆ ನೂರು ಹಾಕಿದ್ದೇ ಧಾರಾಳ ಆಯ್ತು."

"ಅಕ್ಕನ್ನ ತೆಗೆದುಬಿಡ್ತಾರೆ."

ಇವರ ನಗು ನಿಂತಿತು. ಅಕ್ಕನ ಮೇಲೆ ಇವರಿಗೆ ಗೌರವವಿದೆ, ಇಲ್ಲವೆನ್ನಲಾರೆ.

"ಬರೆದಿದ್ದು ಮೇಲೆ ಹೋಗಾಯ್ತು. ಈಗ ತಿದ್ದಿದ್ರೆ ಏನಂತಾರೆ? ಹೆಂಡ್ತಿ ಅಂತ ಜಾಸ್ತಿ ಹಾಕಿದಾನೆ ಅಂತಾರೆ. ಆಮೇಲೆ ನಾನು ಬರೆಯೋದನ್ನ ಯಾರು ನಂಬ್ತಾರೆ?"

"ಅಂದ್ರೆ ಅನ್ನಲಿ ಬಿಡ್ರೀ! ಅವಳ ಅನ್ನ ಹೋಗತ್ತೆ!"

"ನೀನು ಕೂಗಾಡ್ಬೇಡ. ಎರಡು ವಾರ ಇದೆ, ಅಭ್ಯಾಸ ಆದ್ರೆ ಕೈ ತಾನೇ ಸರಿಹೋಗತ್ತೆ," ಎಂದರು. ಎಂಟು ಐದಾಯಿತು. ಎದ್ದು ಹೋದರು.

ಎದ್ದುಹೋದ ಆ ಬೆನ್ನಿಗೆ ಲೋಟ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ತೊಳೆದಿಟ್ಟೆ.

ಮಾರನೆಯ ದಿನದಿಂದ ಕಳ್ಳತನ ಶುರು ಮಾಡಿದೆ. ಹತ್ತು ಕಾಲರು ಮುಗಿದರೆ ಒಂದು ಕಟ್ಟು. ಕಟ್ಟಿನಲ್ಲಿ ನಮ್ಮ ನಮ್ಮ ನಂಬರಿನ ಚೀಟಿ ಸಿಕ್ಕಿಸಿ ಬುಟ್ಟಿಗೆ ಹಾಕಬೇಕು. ನಾನು ಹೊಲಿದ ಕಟ್ಟಿಗೆ ಅಕ್ಕನ ಚೀಟಿ ಸಿಕ್ಕಿಸತೊಡಗಿದೆ. ದಿನಕ್ಕೆ ಒಂಬತ್ತು ಕಟ್ಟು. ಅವಳ ಮುನ್ನೂರ ತೊಂಬತ್ತಕ್ಕೆ ನನ್ನ ತೊಂಬತ್ತು ಸೇರಿದರೆ ಸರಿಯಾಗಿ ನಾನೂರ ಎಂಬತ್ತು. ನನ್ನ ಪಾಲಿಗೂ ಐನೂರ ತೊಂಬತ್ತು ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸೂಪರ್‌ವೈಸರು ಮೂಸಿ ನೋಡುತ್ತಾನೆ. ಇಡೀ ದಿನ ಆ ಹತ್ತು ಕಾಲರು ಹೊಲಿದ ಬಿರುಸಿನಲ್ಲೇ ಹೊಲಿಯುವುದೆಂದರೆ ಏನೆಂದು ಹೇಳಿದರೆ ತಿಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಯಾರದೋ ಅನ್ನಿಸುತ್ತಿತ್ತು. ನಾಲ್ಕನೆಯ ದಿನ ಸೂಜಿ ಉಗುರಿನ ಮೂಲಕ ಹಾದುಹೋಯಿತು. ಬಟ್ಟೆಗೆ ರಕ್ತ ತಾಗಲಿಲ್ಲ ಎಂದು ನೋಡಿಕೊಂಡ ಮೇಲೆ ನನಗೆ ನೋವಾಯಿತು.

ಮನೆಗೆ ಬಂದರೂ ಕೈ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಜಡೆ ಹಾಕುವಾಗ "ಅಮ್ಮಾ, ಎಳೀತಿದೀಯ!" ಎಂದು ಮಗಳು ಚೀರುತ್ತಿದ್ದಳು. ಒಂದು ದಿನ ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಎರಡೇ ನಿಮಿಷ! ಭೇಷ್," ಅಂದರು.

ಹತ್ತು ವರ್ಷ ಕಾದ ಭೇಷ್ ಸಿಕ್ಕಿದ್ದು ಹೀಗೆ. ಮಗಳ ಕಣ್ಣಲ್ಲಿ ನೀರಿತ್ತು.

ಅಕ್ಕನಿಗೆ ಮೊದಲು ಹೇಳಿರಲಿಲ್ಲ. ಮೂರನೆಯ ದಿನ ನಲ್ಲಿಯ ಹತ್ತಿರ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ನನ್ನ ಚೀಟಿ ಇರೋ ಕಟ್ಟಲ್ಲಿ ನಿನ್ನ ಹೊಲಿಗೆ ಇದೆ."

"ಸುಮ್ನಿರಕ್ಕ."

"ನನ್ನ ಕಾಲರು ನನಗೆ ಗೊತ್ತಾಗಲ್ವೇನೇ? ಉಗುರಿನ ಗೀರೇ ಇಲ್ಲ." ಆಚೀಚೆ ನೋಡಿದಳು. "ಬೇಡ ಅಂತ ಹೇಳ್ಬೇಕು ನಾನು. ಹೇಳೋಕಾಗ್ತಿಲ್ಲ. ಮನೇಲಿ ಕೂತ್ರೆ ಬೆಳಗಿಂದ ಸಾಯಂಕಾಲದ ತನಕ ಏನ್ ಮಾಡ್ಲಿ ಹೇಳು? ಆ ಗೋಡೆ ನೋಡ್ಕೊಂಡು ಎಷ್ಟೂಂತ ಕೂರ್ಲಿ?"

ನನ್ನನ್ನು ಸಾಕಿದವಳು ನನ್ನ ಮುಂದೆ ಕಳ್ಳಿಯಂತೆ ತಲೆ ತಗ್ಗಿಸಿ ನಿಂತಿದ್ದಳು. ಅದನ್ನು ನೋಡುವುದಕ್ಕಿಂತ ಮಶೀನಿಗೆ ಹೋಗುವುದೇ ಸುಲಭವಾಗಿತ್ತು, ಹೋದೆ.

ಎರಡು ವಾರ ಮುಗಿದ ಸೋಮವಾರ ಹೆಂಗಸರೆಲ್ಲ ಸೇರಿ ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಹೇಳಿ ಕಳಿಸಿದರು: ಆರುನೂರು ಆಗುವುದಿಲ್ಲ, ಮತ್ತೆ ಅಳೆಯಿರಿ. ದೊಡ್ಡ ಸಾಹೇಬರು ತಾವೇ ಕೆಳಗೆ ಬಂದರು. ಹಿಂದೆಯೇ ನನ್ನ ಗಂಡ, ಕೊರಳಲ್ಲಿ ವಾಚು. ಮಶೀನುಗಳನ್ನು ನಿಲ್ಲಿಸಿದರು. ಸದ್ದು ನಿಂತರೆ ಆ ಹೊಲಿಗೆಯ ಹಾಲ್ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ದೊಡ್ಡ ಸಾಹೇಬರು ಕೈಯಲ್ಲಿದ್ದ ಹಾಳೆ ಬಡಿದರು. "ಆಗಲ್ಲ ಅಂತೀರಿ. ಇಲ್ನೋಡಿ, ಐವತ್ತೆರಡು ವರ್ಷದ ಈ ಅಮ್ಮ ದಿನಾ ನಾನೂರ ಎಂಬತ್ತು ಮುಟ್ಟಿಸ್ತಿದ್ದಾರೆ. ಬೆರಳು ಊದಿರೋರು. ಇವರ ಕೈಲಾಗೋದು ನಿಮ್ಮ ಕೈಲಿ ಯಾಕಾಗಲ್ಲ? ನಿಮಗೇನು ರೋಗ?"

ಎಲ್ಲರೂ ಅಕ್ಕನ ಕಡೆ ತಿರುಗಿದರು. ಕನ್ನಡಕದವಳ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ನಾನು ಅಕ್ಕನಿಗೆಂದು ಕದ್ದಿಟ್ಟ ಒಂಬತ್ತು ಕಟ್ಟು ಅವರೆಲ್ಲರ ಕುತ್ತಿಗೆಗೆ ಬಂದಿತ್ತು. ಬಾಯಿ ಬಿಟ್ಟರೆ ಅಕ್ಕ ಹೋಗುತ್ತಾಳೆ; ಬಿಡದಿದ್ದರೆ ಇವರೆಲ್ಲ ನೀರು ಕುಡಿಯದೆ ಸಾಯುತ್ತಾರೆ. ನಾನು ಬಾಯಿ ಬಿಡಲಿಲ್ಲ.

ಅಕ್ಕ ಎದ್ದು ನಿಂತಳು.

"ಸಾಹೇಬ್ರೇ, ಅದು ನನ್ನದಲ್ಲ. ದಿನಕ್ಕೆ ತೊಂಬತ್ತು ಇವಳು ಹೊಲಿದು ನನ್ನ ಚೀಟಿ ಇಡ್ತಾಳೆ. ನನ್ನ ಕೈಲಾಗೋದು ಮುನ್ನೂರ ತೊಂಬತ್ತೇ."

ದೊಡ್ಡ ಸಾಹೇಬರು ಹಿಂದೆ ತಾವೂ ವಾಚು ಹಿಡಿದವರು. ಹೊಲಿಯುವಂತೆ ನನಗೆ ಸನ್ನೆ ಮಾಡಿ ಪಕ್ಕದಲ್ಲಿ ನಿಂತರು. ಹೊಲಿದೆ. ಎರಡು ನಿಮಿಷ ನನ್ನ ಕೈಯನ್ನೇ ನೋಡಿದರು.

"ಇದು ನೂರಾ? ಯಾರ್ರೀ ಬರೆದಿದ್ದು?"

"ನಾನೇ ಸರ್," ಅಂದರು ಇವರು.

"ಕಣ್ಣು ಎಲ್ಲಿಟ್ಟಿದ್ರಿ? ಈಗ ನೋಡಿ ಹೇಳಿ, ಎಷ್ಟು?"

ಇವರು ನೋಡಿದರು. ಹತ್ತು ವರ್ಷ ಅದೇ ಕೈಯಿಂದ ಉಂಡವರು, ಆವತ್ತು ಮೊದಲ ಸಲ ಅದನ್ನು ನೋಡಿದರು. "ನೂರ ನಲವತ್ತು," ಎಂದರು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ನನಗೆ ಅಳುವೂ ಬರಲಿಲ್ಲ, ಖುಷಿಯೂ ಆಗಲಿಲ್ಲ. ಉಗಿಯಬೇಕೆನ್ನಿಸಿತು, ಅಷ್ಟೆ.

ಟಾರ್ಗೆಟ್ ಮತ್ತೆ ನಾನೂರ ಮೂವತ್ತಕ್ಕೆ ಇಳಿಯಿತು. ಅದರಲ್ಲಿ ನೂರಕ್ಕೆ ಎಂಬತ್ತು ಎಂದರೆ ಮುನ್ನೂರ ನಲವತ್ತೈದು ಸಾಕು. ಅಕ್ಕನ ಸ್ವಂತ ಕೈ ಅದಕ್ಕಿಂತ ಮೇಲೆಯೇ ಇತ್ತು. ನನ್ನಿಂದ ಒಂದು ಕಾಲರೂ ಅವಳಿಗೆ ಬೇಕಿರಲಿಲ್ಲ. ಆದರೆ ಸುಳ್ಳು ಚೀಟಿಗೆ ಕ್ಷಮೆಯಿಲ್ಲವೆಂಬುದು ಅಲ್ಲಿಯ ನಿಯಮ. ಅವಳ ಕೆಲಸ ಉಳಿಯಲೆಂದು ನಾನು ಇಟ್ಟ ಚೀಟಿಗಳಿಗೇ ಅವಳ ಕೆಲಸ ಹೋಯಿತು. ಸಂಜೆಯ ಗಂಟೆ ಹೊಡೆಯುವ ಮುಂಚೆ ಕತ್ತರಿ, ಕನ್ನಡಕದ ಡಬ್ಬಿ, ಕೂರಲು ಹಾಕಿಕೊಳ್ಳುತ್ತಿದ್ದ ದಿಂಬು, ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು. ನನ್ನ ಕಡೆ ನೋಡಿ ನಕ್ಕಳು ಬೇರೆ.

ನಾನೂ ಹೋಗಬೇಕಾದವಳೇ. ಇವರು ದೊಡ್ಡ ಸಾಹೇಬರ ಕೋಣೆಯಲ್ಲಿ ಒಂದು ಗಂಟೆ ಕೂತು ನನ್ನನ್ನು ಉಳಿಸಿಕೊಂಡು ಬಂದರು. ಬರುವಾಗ ಕೈಯಲ್ಲಿ ಒಂದು ಹಾಳೆ.

"ನಿನ್ನ ಕೆಲಸ ಉಳೀತು. ಅಕ್ಕನ ಜಾಗಕ್ಕೆ ಬೇರೆಯವರು ಬೇಡ, ಇವಳೇ ತೂಗಿಸ್ತಾಳೆ ಅಂತ ಒಪ್ಪಿಸಿದೀನಿ. ನಿನಗೆ ಮಾತ್ರ ಏಳುನೂರ ಇಪ್ಪತ್ತು. ಊಟದ ಅರ್ಧ ಗಂಟೆ ಸೇರಿಸಿದ್ರೆ ಸರಿಹೋಗತ್ತೆ, ನಾನೇ ಕೂಡಿಸಿ ನೋಡಿದೀನಿ." ದನಿಯಲ್ಲಿ ಹೆಮ್ಮೆ ಇತ್ತು. ನಿಜವಾದ ಹೆಮ್ಮೆ, ನನ್ನ ಬಗ್ಗೆ. "ನಿನ್ನ ಕೈಯಂಥ ಕೈ ನಾನು ಇನ್ನೊಂದು ನೋಡಿಲ್ಲ ಕಣೇ."

ನೂರೆಂದು ಬರೆದಾಗಲೂ ಸತ್ತೆ, ನೂರ ನಲವತ್ತೆಂದು ಬರೆದಾಗಲೂ ಸತ್ತೆ. ಆದರೂ ಒಪ್ಪಿಕೊಂಡೆ. ಅಕ್ಕನ ಕೋಣೆಯ ಒಲೆಯೂ ಈಗ ನನ್ನ ಕೈಯಿಂದಲೇ ಉರಿಯಬೇಕಲ್ಲ.

ಮನೆಯಲ್ಲಿ ಇವರು ಕಪಾಟಿನ ಹಾಳೆ ಕಿತ್ತು ಹಾಕಿದರು. ಈಗೆಲ್ಲ "ಸ್ವಲ್ಪ ಕೂತ್ಕೋ, ಟೀ ನಾನು ಮಾಡ್ತೀನಿ" ಅನ್ನುತ್ತಾರೆ. ಕೂರುತ್ತೇನೆ. ಕೂತಲ್ಲೇ ಸೆರಗಿನ ಅಂಚನ್ನು ಮಡಿಸುತ್ತೇನೆ, ಬಿಚ್ಚುತ್ತೇನೆ, ಮಡಿಸುತ್ತೇನೆ. ಭಾನುವಾರ ಇಡೀ ಒಗೆತ, ಇಲ್ಲವೆ ನಿದ್ದೆ.

ಅಕ್ಕ ಮಧ್ಯಾಹ್ನ ಕಾರ್ಖಾನೆಯ ಗೇಟಿಗೆ ಬರತೊಡಗಿದಳು, ಡಬ್ಬಿ ಹಿಡಿದುಕೊಂಡು. ಊಟದ ಹೊತ್ತಿಗೆ ಹೆಂಗಸರೆಲ್ಲ ಹೊರಗೆ ಹೋಗಿ ಮರದಡಿ ಅವಳ ಸುತ್ತ ಕೂರುತ್ತಿದ್ದರು. ಕನ್ನಡಕದವಳು ತನ್ನ ಬಾಟಲಿಯ ನೀರನ್ನು ಅವಳಿಗೂ ಕೊಡುತ್ತಿದ್ದಳು. ನನ್ನ ಮಶೀನಿನ ಪಕ್ಕದ ಕಿಟಕಿಯಿಂದ ಅದೆಲ್ಲ ಕಾಣುತ್ತದೆ. ಮೊದಲ ದಿನ ಅಕ್ಕ ಕೈಬೀಸಿ ಕರೆದಳು, ಹತ್ತು ನಿಮಿಷ ಬಾ ಎಂದು. ತಲೆಯಾಡಿಸಿ ಇಲ್ಲವೆಂದೆ. ಎರಡನೆಯ ದಿನ ಕರೆಯಲಿಲ್ಲ. ಎಲ್ಲರೂ ಒಳಗೆ ಬಂದ ಮೇಲೂ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದು ಹೋಗುತ್ತಿದ್ದಳು.

ಮೊನ್ನೆ ಸಂಜೆ ಹೊರಡುವಾಗ ಗೇಟಿನವನು ತಡೆದು ಕೇಳಿದ: "ಏನಮ್ಮಾ, ನಿಮ್ಮಕ್ಕ ನಾಲ್ಕು ದಿನದಿಂದ ಬಂದಿಲ್ಲ. ಹುಷಾರಾಗಿದಾರೆ ತಾನೆ?"

ಓಡುತ್ತಲೇ ಹೋಗಿ ಅವಳ ಕೋಣೆಯ ಬಾಗಿಲು ತಳ್ಳಿದೆ. ಅಕ್ಕ ಮಂಚದ ಮೇಲೆ ಕೂತಿದ್ದಳು. ಜ್ವರವಿಲ್ಲ, ಏನಿಲ್ಲ. ದೀಪ ಹಾಕಿರಲಿಲ್ಲ. ಕೈ ಎರಡೂ ಮಡಿಲಲ್ಲಿದ್ದವು.

"ಯಾಕಕ್ಕ ಬರ್ತಿಲ್ಲ?"

"ನಾನು ಬಂದು ನಿಂತ್ರೆ ನೀನು ತಲೆ ಎತ್ತಿ ನೋಡ್ತೀಯಲ್ಲೇ," ಅಂದಳು. "ಅಷ್ಟರಲ್ಲಿ ಒಂದು ಕಾಲರು ಹೋಗತ್ತೆ. ಸುಮ್ನೆ ನಿನ್ನ ಹೊತ್ತು ಯಾಕೆ ಹಾಳು ಮಾಡ್ಲಿ ಅಂತ. ನಾನು ಕಾಣ್ಲಿಲ್ಲ ಅಂತ ತುಂಬಾ ಹುಡುಕಿದ್ಯೇನೋ, ಪಾಪ."

ನಾಲ್ಕು ದಿನದಿಂದ ನಾನು ತಲೆಯನ್ನೇ ಎತ್ತಿರಲಿಲ್ಲ. ಅವಳು ಬಂದಿಲ್ಲವೆಂಬುದು ಗೇಟಿನವನು ಹೇಳಿದ ಮೇಲೇ ನನಗೆ ತಿಳಿದದ್ದು.

"ಹೂನಕ್ಕ," ಅಂದೆ. "ತುಂಬಾ ಹುಡುಕಿದೆ."